ಬೀಗರ ಬಿಯರು

ನನ್ನ ಗಂಡನಿಗೆ ಬಿಯರಿನ ವಿಷಯದಲ್ಲಿ ಜ್ಞಾನೋದಯವಾದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಅವರು ಕುಡಿಯುತ್ತಿರಲಿಲ್ಲ ಎಂದಲ್ಲ. ಓಲ್ಡ್ ಬ್ರಿಡ್ಜ್ ಎಂಬ ಊರಿನ ನಮ್ಮ ಮನೆಯ ಗರಾಜಿನಲ್ಲಿ, ಸೋನಾ ಮಸೂರಿ ಚೀಲಗಳ ಹಿಂದೆ, ಒಂದು ಹಳೆಯ ಫ್ರಿಜ್ಜಿದೆ. ಅದರೊಳಗೆ ಏನಿದೆಯೆಂದು ನನಗೆ ಗೊತ್ತು, ನನಗೆ ಗೊತ್ತೆಂದು ಅವರಿಗೆ ಗೊತ್ತು. ಆದರೂ ಅವರು ಪ್ರತಿ ಶುಕ್ರವಾರ ಸಂಜೆ "ಕಾರಿನ ಗಾಳಿ ನೋಡಿ ಬರ್ತೀನಿ" ಎಂದು ಹೇಳಿಯೇ ಅಲ್ಲಿಗೆ ಹೋಗುತ್ತಿದ್ದರು. ನ್ಯೂಜೆರ್ಸಿಯಲ್ಲಿ ನಮ್ಮ ಕಾರಿನಷ್ಟು ಗಾಳಿ ನೋಡಿಸಿಕೊಂಡ ಕಾರು ಇನ್ನೊಂದಿರಲಿಕ್ಕಿಲ್ಲ. ಕನ್ನಡದವರ ಪಿಕ್ನಿಕ್ಕಿನಲ್ಲಿಯೂ ಹೀಗೆಯೇ. ಗಂಡಸರೆಲ್ಲ ಕೆಂಪು ಪ್ಲಾಸ್ಟಿಕ್ ಲೋಟ ಹಿಡಿದು ದೂರದ ಮರದ ಕೆಳಗೆ ನಿಂತು ಆಪಲ್ ಜ್ಯೂಸು ಕುಡಿಯುತ್ತಾರೆ. ಆ ಜ್ಯೂಸಿಗೆ ನೊರೆ ಬರುವುದನ್ನು ಹೆಂಗಸರು ಯಾರೂ ಕಾಣುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂದು ಗಾದೆ. ನಮ್ಮಲ್ಲಿ ಬೆಕ್ಕಿಗೆ ಆ ತೊಂದರೆಯೂ ಇಲ್ಲ, ಮನೆಯವರೇ ಕಣ್ಣು ಮುಚ್ಚಿಕೊಳ್ಳುತ್ತೇವೆ.

ಇಂಥ ಮರ್ಯಾದಸ್ಥ ಮನೆಗೆ ಕಳೆದ ಚಳಿಗಾಲದಲ್ಲಿ ಮಗಳ ಫೋನು ಬಂತು. ಮಗಳು ಇಲ್ಲೇ ಹುಟ್ಟಿ ಬೆಳೆದವಳು. ಹ್ಯಾರಿಸನ್ನಿನ ಹೊಸ ಅಪಾರ್ಟ್‌ಮೆಂಟೊಂದರಲ್ಲಿದ್ದುಕೊಂಡು ಮ್ಯಾನ್‌ಹಟನ್ನಿಗೆ ಕೆಲಸಕ್ಕೆ ಹೋಗುತ್ತಾಳೆ. ಒಬ್ಬ ಹುಡುಗನನ್ನು ಮದುವೆಯಾಗಬೇಕೆಂದಿದ್ದೇನೆ ಎಂದಳು. ಹುಡುಗ ಇಂಜಿನಿಯರು ಎಂದಾಗ ನನಗೆ ಸಮಾಧಾನವಾಯಿತು. ಜಪಾನಿನವನು ಎಂದಾಗ ಅದನ್ನೂ ಹೇಗೋ ನುಂಗಿಕೊಂಡೆ. ಆಮೇಲೆ ಧಾರವಾಡದ ಕಡೆಯವರು ಹುಡುಗನ ಹೆಸರಿಗಿಂತ ಮೊದಲು ಕೇಳುವ ಪ್ರಶ್ನೆಯನ್ನು ಕೇಳಿದೆ.

"ಅವರಪ್ಪ ಏನ್ ಮಾಡ್ತಾರ?"

"ಹೀ ಮೇಕ್ಸ್ ಬಿಯರ್, ಅಮ್ಮಾ. ಹ್ಯಾರಿಸನ್ನಲ್ಲೇ ಟ್ಯಾಪ್‌ರೂಮ್ ಇದೆ. ಜ್ಯಾಪನೀಸ್ ಕ್ರಾಫ್ಟ್ ಬಿಯರ್."

ಟ್ಯಾಪ್‌ರೂಮ್ ಎಂದರೇನೆಂದು ಪಕ್ಕದಲ್ಲಿದ್ದ ಗಂಡನನ್ನು ಕೇಳಿದೆ. ಅವರು ಕ್ರಿಕೆಟ್ಟಿನಿಂದ ಕಣ್ಣು ತೆಗೆಯದೆ, "ಪಡಖಾನಿ," ಎಂದರು.

ನಾನು ಬೇಡ ಎಂದೆ. ಜಪಾನನ್ನಾದರೂ ನುಂಗಬಹುದು, ಪಡಖಾನೆಯನ್ನು ನುಂಗುವುದು ಹೇಗೆ? ನಮ್ಮಪ್ಪ ಸಾರಾಯಿ ಅಂಗಡಿ ಬಂದರೆ ರಸ್ತೆ ದಾಟಿ ಆಚೆ ಬದಿಯಿಂದ ಹೋಗುತ್ತಿದ್ದ ಮನುಷ್ಯ. ಅವರ ಮೊಮ್ಮಗಳನ್ನು ಅಂಥ ಅಂಗಡಿಯ ಒಳಗೇ ಕೊಡುವುದೇ? ಓದಿಸಿದ್ದು ಇದಕ್ಕೇ? ನಾಳೆ ಇಲ್ಲಿನ ಆಂಟಿಗಳು ಬೀಗರು ಏನು ಮಾಡುತ್ತಾರೆ ಎಂದು ಕೇಳಿದರೆ ಏನು ಹೇಳಲಿ, ಪಾನೀಯದ ಉದ್ಯಮ ಎನ್ನಲೇ? ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಮಗಳು "ಓಕೆ" ಎಂದು ಫೋನಿಟ್ಟಳು.

ವಾದ ಮಾಡಿದ್ದರೆ ನಾನೇ ಗೆಲ್ಲುತ್ತಿದ್ದೆ. ಅವಳು ವಾದ ಮಾಡಲಿಲ್ಲ. ಭಾನುವಾರದ ಫೋನು ತಪ್ಪದೆ ಬರುತ್ತಿತ್ತು, ಆದರೆ ಅದರಲ್ಲಿ ಸ್ನೋ ಎಷ್ಟು ಬಿತ್ತು, ಟ್ರೇನು ಲೇಟಾಯಿತೋ ಇಲ್ಲವೋ ಎಂಬ ವರದಿ ಮಾತ್ರ. ಊಟ ಆತೇನು ಎಂದರೆ ಆಯ್ತು ಎನ್ನುತ್ತಿದ್ದಳು. ನೀವು ಹೇಗಿದ್ದೀರಿ ಎಂದು ಕೇಳುತ್ತಿದ್ದಳು, ಉತ್ತರವನ್ನು ಸಮಾಧಾನದಿಂದ ಕೇಳಿಸಿಕೊಳ್ಳುತ್ತಿದ್ದಳು. ಹೆತ್ತ ಮಗಳು ನನ್ನ ಜೊತೆ ಹಲ್ಲಿನ ಡಾಕ್ಟರ ಹತ್ತಿರ ಮಾತಾಡುವಂತೆ ಮಾತಾಡತೊಡಗಿದ್ದಳು. ನನಗೆ ನಿಜವಾಗಿ ಹೆದರಿಕೆಯಾಯಿತು. ನಮ್ಮನ್ನು ಬಿಟ್ಟು ಮದುವೆಯಾಗಿಬಿಡುತ್ತಾಳೆ ಎಂದಲ್ಲ. ಬಿಟ್ಟ ಮೇಲೂ ಇಷ್ಟೇ ಮರ್ಯಾದೆಯಿಂದ, ಸಾಯುವ ತನಕ, ಪ್ರತಿ ಭಾನುವಾರ ಫೋನು ಮಾಡುತ್ತಲೇ ಇರುತ್ತಾಳೆ ಎಂದು.

ಚಳಿ ಕಡಿಮೆಯಾಗುವ ಹೊತ್ತಿಗೆ ಒಂದು ಭಾನುವಾರ ಹವಾಮಾನ ಮುಗಿದ ಮೇಲೆ ಅವಳು ಫೋನು ಇಡಲಿಲ್ಲ. ಹುಡುಗನ ಅಪ್ಪ ನಮ್ಮನ್ನು ನೋಡಬೇಕಂತೆ, ಮುಂದಿನ ತಿಂಗಳು ಒಂದು ಶನಿವಾರ ಮಧ್ಯಾಹ್ನ, ಅಂಗಡಿ ತೆರೆಯುವ ಮೊದಲು. ಹುಡುಗನ ತಾಯಿ ತೀರಿಕೊಂಡು ಬಹಳ ವರ್ಷವಾಗಿದೆ, ಇರುವವರು ಅಪ್ಪ ಮಗ ಇಬ್ಬರೇ ಎಂದಳು.

"ಯು ಡೋಂಟ್ ಹ್ಯಾವ್ ಟು ಡ್ರಿಂಕ್, ಅಮ್ಮಾ. ಆದ್ರ ಮುಖ ಹಂಗ ಮಾಡಬ್ಯಾಡ."

"ಹೆಂಗ?"

"ಈಗ ಮಾಡೀಯಲ್ಲ, ಹಂಗ," ಎಂದಳು ಫೋನಿನ ಆ ಕಡೆಯಿಂದ.

ಬರುತ್ತೇವೆ ಎಂದೆ. ಇನ್ನೇನು ಮಾಡಲಿ? ಈ ಶನಿವಾರವೂ ಕೈತಪ್ಪಿದರೆ ನನಗೆ ಉಳಿಯುವುದು ಸ್ನೋ ಮತ್ತು ಟ್ರೇನು.

ಗಂಡನಿಗೆ ಈ ಆಮಂತ್ರಣ ಪರೀಕ್ಷೆಯ ಹಾಲ್ ಟಿಕೆಟ್ಟಿನಂತೆ ಕಂಡಿತು. ನಮ್ಮ ಪೀಳಿಗೆಯವರಿಗೆ ಜೀವನದ ಯಾವ ಕಷ್ಟಕ್ಕೂ ಗೊತ್ತಿರುವುದು ಒಂದೇ ಮದ್ದು, ಓದಿಕೊಂಡು ಹೋಗುವುದು. ಇಂಜಿನಿಯರಿಂಗಿಗೆ ಓದಿದರು, ವೀಸಾಕ್ಕೆ ಓದಿದರು, ಸಿಟಿಜನ್‌ಶಿಪ್ಪಿಗೆ ಓದಿದರು. ಈಗ ಬೀಗರಿಗೆ ಓದತೊಡಗಿದರು.

"ಅವ್ರ ಮುಂದ ದಡ್ಡರಂಗ ಕೂಡ್ಲಿಕ್ಕೆ ಆಗ್ತದೇನ? ಫೀಲ್ಡ್ ವರ್ಕ್ ಮಾಡಬೇಕು," ಎಂದರು.

"ಮಾಡ್ರಿ. ನಾನ್ಯಾಕ ಬರಬೇಕು?"

"ಬರೂಮುಂದ ಡ್ರೈವ್ ಮಾಡ್ಲಿಕ್ಕೆ ಯಾರರ ಬೇಕಲ್ಲ."

ಹೀಗೆ ಜೀವಮಾನದಲ್ಲಿ ಒಂದು ಹನಿ ಮುಟ್ಟದ ನಾನು ನ್ಯೂಯಾರ್ಕಿನ ಜಪಾನಿ ಕ್ರಾಫ್ಟ್ ಬಿಯರಿನ ಲೋಕವನ್ನು ಸುತ್ತಿದೆ. ವಾರವಿಡೀ ಮಾರಿಸ್‌ಟೌನಿನ ಔಷಧ ಕಂಪನಿಯಲ್ಲಿ ಮಾತ್ರೆಗಳ ಗುಣಮಟ್ಟ ನೋಡುವುದು, ವಾರದ ಕೊನೆಗೆ ಗಂಡನದನ್ನು ನೋಡುವುದು.

ಮೊದಲು ಹೋದದ್ದು ಮ್ಯಾನ್‌ಹಟನ್ನಿನ ಈಸ್ಟ್ ವಿಲೇಜಿನ ಒಂದು ನೆಲಮಾಳಿಗೆಗೆ. ಬೋರ್ಡಿಲ್ಲ. ಹುಬ್ಬಳ್ಳಿಯಲ್ಲಿ ಬೋರ್ಡಿಲ್ಲದ ಅಂಗಡಿಗೆ ಲೈಸೆನ್ಸ್ ಇಲ್ಲವೆಂದು ಅರ್ಥ. ನ್ಯೂಯಾರ್ಕಿನಲ್ಲಿ ಅದು ಬಹಳ ದುಬಾರಿ ಎಂದು ಅರ್ಥ. ಒಳಗೆ ಕತ್ತಲೆ, ಒಂದು ಉದ್ದನೆಯ ಹಲಗೆ, ಅದರ ಮುಂದೆ ದೇವರ ಮನೆಯಲ್ಲಿ ಕೂತಂತೆ ಸದ್ದಿಲ್ಲದೆ ಕೂತ ಗಡ್ಡದ ಹುಡುಗರು. ಗಂಡನ ಮುಂದೆ ಒಂದು ಮಣೆಯ ಮೇಲೆ ಪುಟ್ಟ ಪುಟ್ಟ ಗ್ಲಾಸುಗಳನ್ನು ಸಾಲಾಗಿ ಇಟ್ಟರು. ಹೋಮಿಯೋಪತಿ ಡಾಕ್ಟರೂ ಅದಕ್ಕಿಂತ ಧಾರಾಳವಾಗಿ ಕೊಡುತ್ತಾರೆ. ಬಿಯರು ಕೊಡುವ ಹುಡುಗ ಅಮೆರಿಕದವನು, ತೋಳಿನ ತುಂಬ ಜಪಾನಿ ಅಕ್ಷರಗಳ ಹಚ್ಚೆ. ಅವನು ಕಣ್ಣು ಅರೆಮುಚ್ಚಿ, ಈ ಬಿಯರಿನಲ್ಲಿ ಸಂಯಮವಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಗಂಡ "ಹೌದು, ಸಂಯಮ" ಎಂದು ತಲೆಯಾಡಿಸಿ ಅಷ್ಟನ್ನೂ ಸಂಯಮದಿಂದ ಮುಗಿಸಿದರು. ಬರುವಾಗ ಟರ್ನ್‌ಪೈಕ್ ಹೆದ್ದಾರಿಯ ಉದ್ದಕ್ಕೂ ಬಾಯಿ ತೆರೆದುಕೊಂಡು ಸಂಯಮದಿಂದ ಗೊರಕೆ ಹೊಡೆದರು.

ನಾನು ಕುಡಿಯಲಿಲ್ಲ, ಮೂಸಿದೆ. ಮೂಸುವುದಕ್ಕೆ ದೋಷವಿಲ್ಲವಲ್ಲ. ಯೂಝು ಎಂಬ ಹಣ್ಣು ಹಾಕಿದ ಬಿಯರಿನ ಬಗ್ಗೆ ಆ ಹುಡುಗ ಒಂದು ಪುರಾಣವನ್ನೇ ಹೇಳಿದ್ದ. ಮೂಗು ಹತ್ತಿರ ತಂದರೆ ನಮ್ಮ ಹೇರಳೆಕಾಯಿಯ ವಾಸನೆ. ಉಪ್ಪಿನಕಾಯಿ ಹಾಕುವುದನ್ನು ಬಿಟ್ಟು ಇದೇನು ಮಾಡಿದ್ದಾರೆ ಎನ್ನಿಸಿತು. ಇನ್ನೊಂದರಲ್ಲಿ ಸಾನ್ಶೋ ಎಂಬ ಅಪರೂಪದ ಮೆಣಸು. ನಮ್ಮ ಕರಾವಳಿಯ ಗೆಳತಿ ಬಂಗುಡೆ ಸಾರಿಗೆ ಹಾಕುವ ಜುಮ್ಮನಕಾಯಿಯ ಖಾಸಾ ತಂಗಿ ಅದು. ಮತ್ತೊಂದು ಗೆಣಸಿನದು. ಏಕಾದಶಿಯ ಉಪವಾಸಕ್ಕೆಂದು ನಮ್ಮವ್ವ ಬೇಯಿಸುತ್ತಿದ್ದ ಗೆಣಸು ಇಲ್ಲಿ ಬಿಯರಾಗಿ, ಕಿರುಗ್ಲಾಸಿನಲ್ಲಿ ಕೂತು, ನನ್ನನ್ನೇ ನೋಡುತ್ತಿತ್ತು.

ಬ್ರೂಕ್ಲಿನ್ನಿನಲ್ಲಿ ಬೇರೆಯದೇ ಪಂಥ. ದೊಡ್ಡ ಗೋದಾಮು, ಉಕ್ಕಿನ ಹಂಡೆಗಳು, ಬೆಂಚಿನ ಮೇಲೆ ಸಂಸಾರ ಸಮೇತ ಜನ. ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಪಡಖಾನೆಗೆ ಬಂದ ತಾಯಂದಿರನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು. ಅಲ್ಲಿನ ಹೆಮ್ಮೆ ಅಕ್ಕಿ ಹಾಕಿದ ಬಿಯರು. ನಮ್ಮ ಗರಾಜಿನಲ್ಲಿ ಅಕ್ಕಿಯೂ ಬಿಯರೂ ಇಷ್ಟು ವರ್ಷ ಬೆನ್ನಿಗೆ ಬೆನ್ನು ಹಚ್ಚಿ ನಿಂತಿದ್ದವು. ಸೇರಿಸಿದರೆ ಅದು ಕಲೆಯಾಗುತ್ತದೆಂಬ ಬುದ್ಧಿ ನಮಗೆ ಬರಲಿಲ್ಲ, ಅದೇ ನಮ್ಮ ದುರ್ದೈವ.

ಮನೆಯಲ್ಲಿಯೂ ಪಾಠ ಮುಂದುವರಿಯಿತು. ಗಂಡ ಮಜ್ಜಿಗೆಯ ಲೋಟವನ್ನು ತಿರುಗಿಸಿ, ಬೆಳಕಿಗೆ ಹಿಡಿದು, ಮೂಸಿ, ಹುಳಿನಾತಕ್ಕೆ ಬಿಯರಿನವರು ಹೇಳುವ ಮಾತಿನಲ್ಲಿ, "ಇದರಾಗ ಸ್ವಲ್ಪ ಫಂಕ್ ಅದ," ಎಂದರು.

"ಫಂಕ್ ಅಲ್ರೀ, ನಿನ್ನಿ ಮಜ್ಜಿಗಿ ಅದು," ಎಂದೆ.

ಒಂದು ವಿಡಿಯೋ ನೋಡಿ ಜಪಾನಿನವರ ರೀತಿ ರಿವಾಜನ್ನೂ ಕಲಿತರು. ತನ್ನ ಗ್ಲಾಸಿಗೆ ತಾನೇ ಸುರಿದುಕೊಳ್ಳಬಾರದಂತೆ, ಇನ್ನೊಬ್ಬರು ಸುರಿಯಬೇಕು. ಎರಡೂ ಕೈಯಲ್ಲಿ ಬಾಟಲಿ ಹಿಡಿಯಬೇಕು. ಎದುರಿನವರ ಗ್ಲಾಸು ಖಾಲಿ ಕಂಡರೆ ತುಂಬಿಸಬೇಕು. ಹಾಲಿನ ಬಾಟಲಿಯಿಂದ ನನಗೆ ಪ್ರಾಕ್ಟೀಸು ಮಾಡಿಸಿದರು. ಮೂವತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯ ನನಗೆ ಏನನ್ನಾದರೂ ಬಗ್ಗಿಸಿ ಕೊಟ್ಟದ್ದು ಅದೇ ಮೊದಲು. ಅದಕ್ಕಾದರೂ ಜಪಾನಿಗೆ ಋಣಿ.

ಆ ಶನಿವಾರ ಬಂತು. ಹ್ಯಾರಿಸನ್ ಸ್ಟೇಷನ್ನಿನ ಹತ್ತಿರ ಹೊಸ ಕಟ್ಟಡವೊಂದರ ಕೆಳಗಿನ ಅಂಗಡಿ. ಬಾಗಿಲಿಗೆ ನೀಲಿ ಬಟ್ಟೆಯ ತುಂಡು ಪರದೆ, ಒಳಗೆ ತೊಳೆದು ಒರೆಸಿದ ಮೇಜುಗಳು. ನಾನು ಮನಸ್ಸಿನಲ್ಲಿ ಚಿತ್ರಿಸಿಕೊಂಡಿದ್ದ ಪಡಖಾನೆಯನ್ನು ಇದು ಹೋಲುತ್ತಿರಲಿಲ್ಲ. ನನಗೆ ಅದರಿಂದ ಬೇಸರವೇ ಆಯಿತು. ಹೊಲಸಾಗಿದ್ದರೆ ನನ್ನ ಮಾತು ಉಳಿಯುತ್ತಿತ್ತಲ್ಲ.

ಹುಡುಗನ ಅಪ್ಪ ಗಿಡ್ಡನೆಯ, ಬೆಳ್ಳಗಿನ ಕೂದಲಿನ ಮನುಷ್ಯ, ಸೊಂಟಕ್ಕೆ ಏಪ್ರನ್ನು. ಅವರು ಬಾಗಿದರು, ಗಂಡ ನಮಸ್ಕಾರ ಮಾಡುತ್ತಾ ಇನ್ನೂ ಕೆಳಗೆ ಬಾಗಿದರು, ಇಬ್ಬರ ತಲೆ ಡಿಕ್ಕಿ ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿತು. ಬೀಗರ ಮೊದಲ ಪ್ರಶ್ನೆಗಾಗಿ ಗಂಡ ತಿಂಗಳಿಂದ ತಯಾರಾಗಿದ್ದರು.

"ಪಾರ್ಕಿಂಗ್ ಸಿಕ್ಕಿತೇ?" ಎಂದು ಅವರು ಕೇಳಿದರು.

ಆಮೇಲೆಯೂ ಅವರು ಬಿಯರಿನ ಸುದ್ದಿಯನ್ನೇ ಎತ್ತಲಿಲ್ಲ. ರಸ್ತೆ ರಿಪೇರಿಯ ಬಗ್ಗೆ, ಮೊಣಕಾಲು ನೋವಿನ ಬಗ್ಗೆ ಮಾತಾಡಿದರು. ಕಡೆಗೆ ಗಂಡನೇ ತಡೆಯಲಾರದೆ, ನಿಮ್ಮ ಬಿಯರಿಗೆ ಕಹಿ ಬರಲು ಯಾವ ಜಾತಿಯ ಹಾಪ್ಸ್ ಹೂವು ಹಾಕುತ್ತೀರಿ ಎಂದು ಕೇಳಿದರು. "ಯಾವುದು ಸಿಕ್ಕಿತೋ ಅದು," ಎಂದರು ಬೀಗರು. ಗಂಡನ ಮುಖ, ಓದಿದ ಪ್ರಶ್ನೆ ಒಂದೂ ಬರದ ಹುಡುಗನ ಮುಖವಾಯಿತು.

ಬೀಗರು ಎರಡೂ ಕೈಯಲ್ಲಿ ಬಾಟಲಿ ಹಿಡಿದು ನನ್ನ ಮುಂದಿನ ಸಣ್ಣ ಗ್ಲಾಸಿಗೆ ಸುರಿದರು. ನಾನು ಬೇಡ ಎನ್ನಬೇಕೆಂದೇ ಬಂದಿದ್ದೆ. ಆದರೆ ಎದುರಿಗೆ ಕೂತ ಮಗಳು ಗ್ಲಾಸನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು. ಅವಳ ಪಕ್ಕದಲ್ಲಿ ಹುಡುಗ ಉಸಿರು ಬಿಗಿಹಿಡಿದು ಕೂತಿದ್ದ. ಸರಿ, ಕಷಾಯ ಎಂದುಕೊಂಡು ಒಂದೇ ಗುಟುಕಿಗೆ ಮುಗಿಸಿದೆ. ಮೆಂತ್ಯ ನೆನೆಸಿದ ನೀರಿನ ಕಹಿ, ಹಿಂದಿನಿಂದ ಹೇರಳೆಕಾಯಿ. ಮುಖ ಕಿವಿಚಲಿಲ್ಲ. ಆ ಹೊತ್ತಿನಲ್ಲಿ ನನಗೆ ಯಾರಾದರೂ ಪದಕ ಕೊಡಬೇಕಿತ್ತು.

ಕೊಟ್ಟದ್ದು ಇನ್ನೊಂದು ಗ್ಲಾಸು. "ನೋ, ನೋ, ಥ್ಯಾಂಕ್ ಯು," ಎಂದೆ. ಅವರು ನಕ್ಕು ಸುರಿದರು. ನಮ್ಮಲ್ಲಿ ಎಂಜಲು ಬಿಡಬಾರದೆಂದು ಬಡಿದು ಕಲಿಸಿದ್ದಾರೆ, ಅದನ್ನೂ ಕುಡಿದೆ. ಖಾಲಿಯಾದ ತಕ್ಷಣ ಮತ್ತೆ ಬಾಟಲಿ ಬಗ್ಗಿತು. ಕೈ ಅಡ್ಡ ಹಿಡಿದೆ. ಅವರು ಕೈ ತೆಗೆಯುವವರೆಗೆ ತಾಳ್ಮೆಯಿಂದ ಕಾದು, ತೆಗೆದೊಡನೆ ಸುರಿದರು. ನನ್ನ ತಲೆ ಹಗುರವಾಯಿತು, ನಾಲಿಗೆ ಅದಕ್ಕಿಂತ ಹಗುರವಾಯಿತು. ಇವನೆಂಥ ಹಠಮಾರಿ ಮನುಷ್ಯ, ನಾಳೆ ನನ್ನ ಮಗಳ ಮಾತನ್ನಾದರೂ ಈ ಮನೆಯಲ್ಲಿ ಯಾರು ಕೇಳುತ್ತಾರೆ ಎಂದು ಸಿಟ್ಟು ನೆತ್ತಿಗೇರಿತು.

"ನಾನು ಬೇಡ ಎಂದರೆ ನಿಮಗೆ ಕೇಳಿಸುವುದಿಲ್ಲವೇ?" ಎಂದು ಇಂಗ್ಲಿಷಿನಲ್ಲಿ, ಗಟ್ಟಿಯಾಗಿಯೇ ಕೇಳಿಬಿಟ್ಟೆ.

ಅವರು ಬಾಟಲಿಯನ್ನು ಕೆಳಗಿಟ್ಟು ಗಾಬರಿಯಿಂದ ನನ್ನ ಮಗಳ ಕಡೆ ನೋಡಿದರು. ಆಮೇಲೆ ಒಂದೊಂದೇ ಮಾತು ಹುಡುಕಿ ಹೇಳಿದರು. ನಿಮ್ಮ ಕಡೆಯ ಊಟದ ಪದ್ಧತಿಯನ್ನು ನಿಮ್ಮ ಮಗಳು ನನಗೆ ಹೇಳಿದ್ದಾಳೆ. ಅವಳು ಚಿಕ್ಕವಳಿದ್ದಾಗ ಧಾರವಾಡಕ್ಕೆ ಹೋಗಿದ್ದಳಂತೆ. ಸಾಕು ಎಂದು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಅಜ್ಜಿ ಕೈಯ ಮೇಲೆಯೇ ಹೋಳಿಗೆ ಹಾಕಿ ತುಪ್ಪ ಸುರಿದರಂತೆ. ನಿಮ್ಮಲ್ಲಿ ಬೇಡ ಎಂದವರನ್ನು ನಂಬಿ ಬಿಟ್ಟುಬಿಟ್ಟರೆ ಅವರಿಗೆ ಅವಮಾನವಂತೆ. ನಿಮಗೆ ಅವಮಾನವಾಗಬಾರದೆಂದು ಸುರಿದೆ, ಕ್ಷಮಿಸಿ.

ಉಪಚಾರ! ಹ್ಯಾರಿಸನ್ನಿನಲ್ಲಿ ಕೂತ ಜಪಾನಿ ಮನುಷ್ಯ ನನಗೆ ನಮ್ಮವ್ವನ ಉಪಚಾರ ಮಾಡುತ್ತಿದ್ದ. ನಾನು ನಕ್ಕೆ. ಆದರೆ ಅವರ ಮಾತು ಮುಗಿದಿರಲಿಲ್ಲ.

"ಮದುವೆಗೆ ನೀವು ಬೇಡ ಎಂದಿರೆಂದು ತಿಳಿದ ದಿನ ನನ್ನ ಮಗ ಬಹಳ ನೊಂದುಕೊಂಡ. ನನಗೂ ನೋವಾಯಿತು. ನನ್ನ ಕೆಲಸದಿಂದಲೇ ಹೀಗಾಯಿತು ಎಂದುಕೊಂಡೆ. ಆಗ ನಿಮ್ಮ ಮಗಳೇ ಇದನ್ನು ಹೇಳಿದಳು. ನಮ್ಮಮ್ಮನ ಮನೆಯಲ್ಲಿ ಮೊದಲು ಬೇಡ ಎನ್ನುವುದು ಉತ್ತರವಲ್ಲ, ಮರ್ಯಾದೆ ಎಂದಳು. ಅದಕ್ಕೇ ನಾವು ಕಾದೆವು."

ಮಗಳು ತಲೆ ತಗ್ಗಿಸಿ, ಮೇಜಿನ ಮೇಲಿನ ನೀರನ್ನು ಬೆರಳಿನಿಂದ ಒರೆಸುತ್ತಿದ್ದಳು.

ನಾನು ಹೇಳಿದ್ದು ಅಂಥ ಬೇಡವಾಗಿರಲಿಲ್ಲ. ಅದು ಅಪ್ಪಟ ಬೇಡ, ಹೊಟ್ಟೆಯಾಳದಿಂದ ಬಂದದ್ದು. ಅದಕ್ಕೆ ಈ ಹುಡುಗಿ ನಮ್ಮವ್ವನ ಹೋಳಿಗೆ ತುಪ್ಪವನ್ನು ಸವರಿ ಪರಕೀಯರ ಮುಂದೆ ಇಟ್ಟಿದ್ದಳು. ಅವಳು ನಮ್ಮನ್ನು ದೂರವಿಟ್ಟಳೆಂದು ನಾನು ತಿಂಗಳುಗಟ್ಟಲೆ ಕುದಿಯುತ್ತಿದ್ದೆ. ಗಾಳಿ ಬೇಕು ಎಂದು ಎದ್ದೆ. ಕಾಲು ತೂರಾಡಿತು. ಮಗಳು ಓಡಿ ಬಂದು ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದಳು.

"ನಾ ಖರೇನ ಬ್ಯಾಡ ಅಂದಿದ್ದು ನಿನಗ ಗೊತ್ತಿತ್ತಲ್ಲ?" ಎಂದೆ.

"ಆಫ್ ಕೋರ್ಸ್ ಐ ನ್ಯೂ, ಅಮ್ಮಾ."

"ಮತ್ಯಾಕ ಹಂಗ ಹೇಳಿದಿ?"

ಅವಳು ರಸ್ತೆಯ ಕಡೆ ನೋಡಿದಳು. "ದೇ ವುಡ್ ಹ್ಯಾವ್ ಹೇಟೆಡ್ ಯು," ಎಂದಳು. ಆಮೇಲೆ ಮಾತು ಸಿಕ್ಕದೆ ತಡವರಿಸಿ ಕನ್ನಡದಲ್ಲಿ, "ನಿನ್ನ ಯಾರೂ ಕೆಟ್ಟ ಅನ್ನೂದು... ನನಗ ಕೇಳ್ಲಿಕ್ಕೆ ಆಗಂಗಿಲ್ಲ," ಎಂದಳು.

ಅವಳ ಕೈ ಹಿಡಿದುಕೊಂಡೇ ಒಳಗೆ ಹೋದೆ. ಬೀಗರು ಎದ್ದು ನಿಂತಿದ್ದರು, ಏಪ್ರನ್ನನ್ನು ಕಳಚಿ ಕೈಯಲ್ಲಿ ಮಡಚಿ ಹಿಡಿದಿದ್ದರು. ಗಂಡ ಮೊದಲ ಬಾರಿಗೆ ಬಿಯರಿನ ಬಗ್ಗೆ ಏನೂ ಹೇಳದೆ ನನ್ನನ್ನೇ ನೋಡುತ್ತಿದ್ದರು.

"ನನ್ನ ಮಗಳು ನಿಮಗೆ ಹೇಳಿದ್ದೆಲ್ಲ ನಿಜ," ಎಂದೆ. "ಬೇಡ ಎಂದದ್ದು ಮರ್ಯಾದೆಗೆ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಹಾಗೇ."

ಬೀಗರ ಮುಖ ಅರಳಿತು. ಹುಡುಗ ಕುರ್ಚಿಯಿಂದ ಎದ್ದುಬಿಟ್ಟ. ಇದು ಸುಳ್ಳೆಂದು ಅಲ್ಲಿ ತಿಳಿದಿದ್ದವರು ನಾನು, ನನ್ನ ಗಂಡ ಮತ್ತು ನನ್ನ ಮಗಳು. ಗಂಡ ಗ್ಲಾಸಿನೊಳಗೆ ನೋಡಿದರು. ಮಗಳು ನನ್ನ ಭುಜಕ್ಕೆ ಮುಖವಿಟ್ಟು ಅತ್ತಳು.